ಬಾಗಿಲು ಮುಚ್ಚಲು ಬಿಡದ ಹಳೆಯ ವಿದ್ಯಾರ್ಥಿನಿಯರು

2015ರ ಮಾರ್ಚ್ 3ರ ಮಂಗಳವಾರ ಅಮೆರಿಕದ ವರ್ಜೀನಿಯಾ ರಾಜ್ಯದ ಸ್ವೀಟ್ ಬ್ರಯರ್ ಕಾಲೇಜಿನ ವಿದ್ಯಾರ್ಥಿನಿಯರನ್ನೂ ಅಧ್ಯಾಪಕರನ್ನೂ ಸಭಾಂಗಣಕ್ಕೆ ಕರೆದು ಒಂದು ಸುದ್ದಿ ಹೇಳಿದರು. ಆಡಳಿತ ಮಂಡಳಿ ತೀರ್ಮಾನ ಮಾಡಿಯಾಗಿದೆ, ಆಗಸ್ಟ್ 25ಕ್ಕೆ ಕಾಲೇಜು ಮುಚ್ಚುತ್ತದೆ, ಹಣಕಾಸಿನ ತೊಂದರೆ ಇನ್ನು ದಾಟಲಾಗದ ಮಟ್ಟ ಮುಟ್ಟಿದೆ. ಕಲಿಯುತ್ತಿದ್ದವರು ಬೇರೆ ಕಾಲೇಜು ನೋಡಿಕೊಳ್ಳಬೇಕು, ಕಲಿಸುತ್ತಿದ್ದವರು ಬೇರೆ ಕೆಲಸ ಹುಡುಕಿಕೊಳ್ಳಬೇಕು. ನೂರು ವರ್ಷ ದಾಟಿದ ಸಂಸ್ಥೆಯ ಕೊನೆಗೆ ಕೊಟ್ಟ ಗಡುವು ಆರು ತಿಂಗಳೂ ಇರಲಿಲ್ಲ.

ಆ ಕಾಲೇಜು ಇಂದಿಗೂ ನಡೆಯುತ್ತಿದೆ. ಅದನ್ನು ಉಳಿಸಿದ್ದು ಸರ್ಕಾರವಲ್ಲ, ಒಬ್ಬ ಕೋಟ್ಯಧಿಪತಿಯೂ ಅಲ್ಲ. ಅಲ್ಲಿ ಓದಿ ಹೊರಬಿದ್ದು ದೇಶದ ತುಂಬ ಚದುರಿಹೋಗಿದ್ದ ಹೆಣ್ಣುಮಕ್ಕಳು ಅದನ್ನು ಉಳಿಸಿಕೊಂಡರು. ಹಳೆಯ ವಿದ್ಯಾರ್ಥಿಗಳು ಕಷ್ಟದ ವರ್ಷದಲ್ಲಿ ತಮ್ಮ ಕಾಲೇಜಿಗಾಗಿ ಏನೇನು ಮಾಡಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ನಿದರ್ಶನ ಇದು.

ಸ್ವೀಟ್ ಬ್ರಯರ್ ಇರುವುದು ಬ್ಲೂ ರಿಡ್ಜ್ ಬೆಟ್ಟಸಾಲಿನ ಬುಡದ ಆಮ್ಹರ್ಸ್ಟ್ ಕೌಂಟಿಯಲ್ಲಿ, ಲಿಂಚ್‌ಬರ್ಗ್ ಪಟ್ಟಣದಿಂದ ತುಸು ದೂರ. ಕಾಲೇಜಿನ ಆವರಣವೇ ಸಾವಿರಾರು ಎಕರೆ. ಹುಲ್ಲುಗಾವಲು, ಕಾಡು, ಕೆರೆ, ಕುದುರೆ ಲಾಯ ಎಲ್ಲವೂ ಅದರೊಳಗೆ. ಕುದುರೆ ಸವಾರಿಗೆ ಹೆಸರಾದ ಈ ಕಾಲೇಜಿನಲ್ಲಿ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯೂ ಇದೆ. ಅಮೆರಿಕದ ಮಹಿಳಾ ಕಾಲೇಜುಗಳಲ್ಲಿ ಇದು ತೀರ ಅಪರೂಪ. ಇಟ್ಟಿಗೆಯ ಕಟ್ಟಡಗಳನ್ನು ವಿನ್ಯಾಸ ಮಾಡಿದವನು ರಾಲ್ಫ್ ಆಡಮ್ಸ್ ಕ್ರಾಮ್, ಆ ಕಾಲದ ಹೆಸರುವಾಸಿ ವಾಸ್ತುಶಿಲ್ಪಿ.

ಕಾಲೇಜಿನ ಹುಟ್ಟು ಒಬ್ಬ ತಾಯಿಯ ದುಃಖದಲ್ಲಿದೆ. ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಎಂಬಾಕೆಯ ಒಬ್ಬಳೇ ಮಗಳು ಡೇಸಿ 1884ರಲ್ಲಿ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ 1900ರಲ್ಲಿ ಸಾಯುವ ಮೊದಲು ತನ್ನ ಎಸ್ಟೇಟನ್ನೂ ಹಣವನ್ನೂ ಮಗಳ ನೆನಪಿಗೆ ಒಂದು ಹೆಣ್ಣುಮಕ್ಕಳ ವಿದ್ಯಾಸಂಸ್ಥೆ ಕಟ್ಟಲು ಉಯಿಲು ಬರೆದಿಟ್ಟಳು. 1901ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1906ರಲ್ಲಿ 51 ವಿದ್ಯಾರ್ಥಿನಿಯರೊಂದಿಗೆ ತರಗತಿಗಳು ಶುರುವಾದವು. ಇಂದಿಗೂ ಸಂಸ್ಥಾಪನಾ ದಿನ ಹುಡುಗಿಯರು ಗುಡ್ಡ ಹತ್ತಿ, ಡೇಸಿಯ ಸಮಾಧಿಗೆ ಅದೇ ಹೆಸರಿನ ಹೂವಿಟ್ಟು ಬರುತ್ತಾರೆ.

ಈ ನೆಲಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಇಂಡಿಯಾನಾಳ ತಂದೆ ಎಲಾಯ್ಜಾ ಫ್ಲೆಚರ್ ಗುಲಾಮರನ್ನು ಇಟ್ಟುಕೊಂಡು ತೋಟ ಮಾಡಿಸಿದವನು. ಆ ಗುಲಾಮರ ಸ್ಮಶಾನ ಕಾಲೇಜಿನ ಆವರಣದಲ್ಲಿಯೇ ಇದೆ, ಅವರು ವಾಸಿಸುತ್ತಿದ್ದ ಒಂದು ಗುಡಿಸಲು ಹಳೆಯ ಬಂಗಲೆಯ ಹಿಂದೆ ನಿಂತಿದೆ. ಇಂಡಿಯಾನಾಳ ಉಯಿಲಿನಲ್ಲಿ ಈ ಶಾಲೆ ಬಿಳಿಯ ಹುಡುಗಿಯರಿಗೆ ಎಂದೇ ಬರೆದಿತ್ತು. ಅದನ್ನು ಬದಲಿಸಲು 1960ರ ದಶಕದಲ್ಲಿ ಕಾಲೇಜು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮೊದಲ ಕಪ್ಪು ವಿದ್ಯಾರ್ಥಿನಿ ಸೇರಿದ್ದು 1966ರಲ್ಲಿ. ಮುಂದಿನ ವರ್ಷ ಫೆಡರಲ್ ನ್ಯಾಯಾಲಯದ ಆದೇಶದಿಂದ ಆ ಷರತ್ತಿನ ಬಲ ಹೋಯಿತು. ಉಯಿಲಿನ ಒಂದು ಮಾತನ್ನು, ಅದೂ ಅನ್ಯಾಯದ ಮಾತನ್ನು, ಬಿಡಲಿಕ್ಕೂ ಕೋರ್ಟಿನ ಅಪ್ಪಣೆ ಬೇಕಾಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. 2015ರಲ್ಲಿ ಆಡಳಿತ ಮಂಡಳಿ ಕಾಲೇಜನ್ನೇ ಮುಚ್ಚಲು ಹೊರಟಾಗ ಯಾವ ನ್ಯಾಯಾಲಯವನ್ನೂ ಕೇಳಿರಲಿಲ್ಲ.

ಮುಚ್ಚುವವರ ಬಳಿಯೂ ಕಾರಣಗಳಿದ್ದವು. ಅವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳ್ಳಿಗಾಡಿನ ಸಣ್ಣ ಕಾಲೇಜು, ಅದರಲ್ಲೂ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಮಹಿಳಾ ಕಾಲೇಜುಗಳಿದ್ದವು. 2015ರ ಹೊತ್ತಿಗೆ ಐವತ್ತೂ ಉಳಿದಿರಲಿಲ್ಲ. ಸೇರುವವರು ಕಡಿಮೆಯಾದಂತೆ ಅವರನ್ನು ಸೆಳೆಯಲು ಶುಲ್ಕದಲ್ಲಿ ರಿಯಾಯಿತಿ ಕೊಡಬೇಕಾಗುತ್ತದೆ. ಸ್ವೀಟ್ ಬ್ರಯರಿನಲ್ಲಿ ಆ ರಿಯಾಯಿತಿ ಘೋಷಿತ ಶುಲ್ಕದ ಅರ್ಧವನ್ನೂ ಮೀರಿ ಬೆಳೆದಿತ್ತು. ಇಡುಗಂಟು ಎಂಟು ಕೋಟಿ ಡಾಲರಿಗೂ ಮಿಕ್ಕಿ ಇತ್ತು ನಿಜ. ಆದರೆ ಅದರ ದೊಡ್ಡ ಪಾಲು ಈ ವಿದ್ಯಾರ್ಥಿವೇತನಕ್ಕೆ, ಆ ಪೀಠಕ್ಕೆ ಎಂದು ದಾನಿಗಳು ಷರತ್ತು ಹಾಕಿ ಕೊಟ್ಟದ್ದು. ಸಂಬಳಕ್ಕೂ ಸೋರುವ ಮಾಳಿಗೆಗೂ ಅದನ್ನು ಮುಟ್ಟುವಂತಿರಲಿಲ್ಲ. ಕೈಯಲ್ಲಿ ಸ್ವಲ್ಪ ಹಣ ಇರುವಾಗಲೇ, ಎಲ್ಲರ ಬಾಕಿ ತೀರಿಸಿ ಮರ್ಯಾದೆಯಿಂದ ಮುಚ್ಚುವುದು ಲೇಸು ಎಂಬುದು ಮಂಡಳಿಯ ವಾದ.

ಹಳೆಯ ವಿದ್ಯಾರ್ಥಿನಿಯರನ್ನು ಕೆರಳಿಸಿದ್ದು ಹಣದ ಕೊರತೆಯಲ್ಲ. ಕಷ್ಟ ಬಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಉಳಿಸಿಕೊಳ್ಳಲು ಇಷ್ಟು ಹಣ ಬೇಕು ಎಂದು ಯಾರೂ ಕೇಳಿರಲಿಲ್ಲ. ನೇರವಾಗಿ ಸಾವಿನ ಸುದ್ದಿಯೇ ಬಂತು.

ಕೆಲವೇ ದಿನಗಳಲ್ಲಿ ಅವರು ‘ಸೇವಿಂಗ್ ಸ್ವೀಟ್ ಬ್ರಯರ್’ ಎಂಬ ಸಂಸ್ಥೆ ಕಟ್ಟಿದರು. ಅವರಲ್ಲಿ ವಕೀಲರಿದ್ದರು, ಲೆಕ್ಕ ಪರಿಶೋಧನೆ ಬಲ್ಲವರಿದ್ದರು, ಪ್ರಚಾರ ಕಾರ್ಯ ಮಾಡಿದವರಿದ್ದರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಮನೆಯಲ್ಲಿದ್ದ ಅಜ್ಜಿಯರೂ ಇದ್ದರು. ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದರು. ಕಾಲೇಜಿನ ವಾರ್ಷಿಕ ಲೆಕ್ಕಪತ್ರಗಳನ್ನು ಸಾಲುಸಾಲಾಗಿ ಓದಿದರು. ತಮ್ಮ ತಮ್ಮ ಬ್ಯಾಚಿನವರನ್ನು ಹುಡುಕಿ ಫೋನ್ ಮಾಡಿ ಹಣದ ವಾಗ್ದಾನ ಪಡೆದರು. ಆ ವಾಗ್ದಾನಗಳ ಮೊತ್ತ ಜೂನ್ ಹೊತ್ತಿಗೆ ಎರಡು ಕೋಟಿ ಡಾಲರ್ ಮುಟ್ಟಿತು. ಇತ್ತ ಕಾಲೇಜಿನ ಅಧ್ಯಾಪಕರೂ ಆಡಳಿತ ಮಂಡಳಿಯಲ್ಲಿ ವಿಶ್ವಾಸವಿಲ್ಲ ಎಂದು ಮತ ಹಾಕಿದರು.

ಹಣ ಕೂಡಿಸಿದ್ದರಿಂದ ಮಾತ್ರ ಕಾಲೇಜು ಉಳಿಯಿತು ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮುಚ್ಚಲು ನಿಶ್ಚಯಿಸಿದ ಮಂಡಳಿಯ ಕೈಗೆ ಎರಡು ಕೋಟಿ ಕೊಟ್ಟರೂ ಅದು ಮುಚ್ಚುವ ಖರ್ಚಿಗೇ ಹೋಗುತ್ತಿತ್ತು. ಈ ಹೆಣ್ಣುಮಕ್ಕಳು ಅದಕ್ಕೂ ಮೊದಲಿನ ಪ್ರಶ್ನೆ ಕೇಳಿದರು: ಇದನ್ನು ಮುಚ್ಚಲು ನಿಮಗೆ ಅಧಿಕಾರ ಕೊಟ್ಟವರು ಯಾರು? ತೀರಿಹೋದ ತಾಯಿಯ ಉಯಿಲನ್ನು ತೆಗೆದು ಓದಿದರು. ಆಸ್ತಿ ಕೊಟ್ಟದ್ದು ಮಗಳ ಹೆಸರಿನಲ್ಲಿ ವಿದ್ಯಾಸಂಸ್ಥೆ ನಡೆಸಲಿಕ್ಕೆ. ಹಾಗಾದರೆ ಮಂಡಳಿಯವರು ಕಂಪನಿಯ ಒಡೆಯರಂತೆ ನಷ್ಟವಾಯಿತೆಂದು ಬಾಗಿಲು ಹಾಕುವಂತಿಲ್ಲ; ಕೊಟ್ಟವರ ಉದ್ದೇಶಕ್ಕೆ ಕಾವಲಿರುವ ಟ್ರಸ್ಟಿಗಳಂತೆ ನಡೆದುಕೊಳ್ಳಬೇಕು.

ಇದೇ ವಾದ ಹಿಡಿದು ಮಾರ್ಚ್ 30ರಂದು ಆಮ್ಹರ್ಸ್ಟ್ ಕೌಂಟಿಯ ಸರ್ಕಾರಿ ವಕೀಲೆ ಎಲೆನ್ ಬೋಯರ್ ದಾವೆ ಹೂಡಿದರು. ನಡೆಸುತ್ತೇವೆಂದು ಹೇಳಿ ಸಾರ್ವಜನಿಕರಿಂದ ದಾನ ಪಡೆದು, ಆ ಹಣವನ್ನು ಮುಚ್ಚಲು ಬಳಸುವುದು ಕಾನೂನಿಗೆ ವಿರುದ್ಧ ಎಂಬುದು ಅವರ ಇನ್ನೊಂದು ವಾದ. ವಿದ್ಯಾರ್ಥಿನಿಯರು ಮತ್ತು ಪೋಷಕರು ಒಂದು, ಅಧ್ಯಾಪಕರು ಒಂದು, ಹೀಗೆ ಬೇರೆ ದಾವೆಗಳೂ ಸೇರಿಕೊಂಡವು. ಏಪ್ರಿಲ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ಅಪ್‌ಡೈಕ್, ದಾನವಾಗಿ ಬಂದ ಹಣವನ್ನು ಮುಚ್ಚುವ ಕೆಲಸಕ್ಕೆ ಬಳಸದಂತೆ 60 ದಿನಗಳ ತಡೆ ಕೊಟ್ಟರು. ಆದರೆ ಟ್ರಸ್ಟ್ ಕಾನೂನು ಕಾರ್ಪೊರೇಷನ್ ಆಗಿರುವ ಕಾಲೇಜಿಗೆ ಅನ್ವಯಿಸದು ಎಂದು ಮುಖ್ಯ ವಾದವನ್ನು ಒಪ್ಪಲಿಲ್ಲ. ಪ್ರಕರಣ ವರ್ಜೀನಿಯಾದ ಸುಪ್ರೀಂ ಕೋರ್ಟಿಗೆ ಹೋಯಿತು. ಜೂನ್ 9ರಂದು ಆ ನ್ಯಾಯಾಲಯ, ಕಾರ್ಪೊರೇಷನ್ ಆದಮಾತ್ರಕ್ಕೆ ಟ್ರಸ್ಟ್ ಕಾನೂನು ಅದಕ್ಕೆ ಸೋಕದು ಎಂಬ ಕೆಳಗಿನ ನ್ಯಾಯಾಲಯದ ತಿಳಿವಳಿಕೆ ತಪ್ಪು ಎಂದು ಹೇಳಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. ಕಾಲೇಜು ಉಳಿಯಬೇಕೆಂದು ಅದು ಆದೇಶಿಸಿರಲಿಲ್ಲ. ಆದರೂ ಆ ಒಂದು ಮಾತು ಸಂಧಾನಕ್ಕೆ ದಾರಿ ತೆರೆಯಿತು.

ರಾಜ್ಯದ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್ ನಡುವೆ ಕೂತು ಮಾತುಕತೆ ನಡೆಸಿದರು. ಜೂನ್ 22ರಂದು ನ್ಯಾಯಾಲಯ ಒಪ್ಪಂದಕ್ಕೆ ಮುದ್ರೆ ಒತ್ತಿತು. ಹಳೆಯ ವಿದ್ಯಾರ್ಥಿನಿಯರ ಸಂಸ್ಥೆ 1 ಕೋಟಿ 20 ಲಕ್ಷ ಡಾಲರ್ ಕೊಡಬೇಕು, ಅದರಲ್ಲಿ ಮೊದಲ 25 ಲಕ್ಷ ಜುಲೈ ಆರಂಭಕ್ಕೇ ಕೈ ಸೇರಬೇಕು. ಇಡುಗಂಟಿನಲ್ಲಿ 1 ಕೋಟಿ 60 ಲಕ್ಷದ ಮೇಲಿನ ಷರತ್ತುಗಳನ್ನು ಅಟಾರ್ನಿ ಜನರಲ್ ಸಡಿಲಿಸುತ್ತಾರೆ. ಅಧ್ಯಕ್ಷರೂ ಮಂಡಳಿಯ ಹೆಚ್ಚಿನ ಸದಸ್ಯರೂ ಜಾಗ ಬಿಡುತ್ತಾರೆ. ವಾಗ್ದಾನ ಬೇರೆ, ಬ್ಯಾಂಕಿಗೆ ಬಂದ ಹಣ ಬೇರೆ ಎಂಬುದು ಚಂದಾ ಎತ್ತಿದವರಿಗೆಲ್ಲ ಗೊತ್ತು. ಸೆಪ್ಟೆಂಬರ್ ಆರಂಭದ ಹೊತ್ತಿಗೆ ಆ ಪೂರ್ತಿ ಮೊತ್ತ ಜಮೆಯಾಗಿತ್ತು.

ಜುಲೈ 2ರಂದು ಫಿಲಿಪ್ ಸ್ಟೋನ್ ಅಧ್ಯಕ್ಷರಾಗಿ ಬಂದರು. ಹಿಂದೆ ಬ್ರಿಜ್‌ವಾಟರ್ ಕಾಲೇಜನ್ನು ನಡೆಸಿ ನಿವೃತ್ತರಾಗಿದ್ದವರು. ಹೊಸ ಮಂಡಳಿಯ ಮುಖ್ಯಸ್ಥೆಯಾಗಿ ಬಂದ ತೆರೇಸಾ ಟಾಮ್ಲಿನ್‌ಸನ್ ಸ್ವೀಟ್ ಬ್ರಯರಿನ 1987ರ ಪದವೀಧರೆ, ಆಗ ಜಾರ್ಜಿಯಾದ ಕೊಲಂಬಸ್ ನಗರದ ಮೇಯರ್. ಆದರೆ ಅವರ ಕೈಗೆ ಸಿಕ್ಕಿದ್ದು ಅರ್ಧ ಖಾಲಿಯಾದ ಕಾಲೇಜು. ಹುಡುಗಿಯರು ಬೇರೆಡೆ ಸೇರಿಬಿಟ್ಟಿದ್ದರು, ಅಧ್ಯಾಪಕರಲ್ಲಿ ಹಲವರು ಹೊಸ ಕೆಲಸ ಒಪ್ಪಿಕೊಂಡಿದ್ದರು. ಹೊಸ ವರ್ಷಕ್ಕೆ ಬರುವವರನ್ನು ಕರೆತರುವ ವ್ಯವಸ್ಥೆಯೇ ಮುರಿದು ಬಿದ್ದಿತ್ತು. ಆ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ರಜೆ ಹಾಕಿ ಬಂದು ಹಾಸ್ಟೆಲ್ ಕೋಣೆಗಳನ್ನು ತೊಳೆದರು, ಗೋಡೆಗೆ ಬಣ್ಣ ಬಳಿದರು, ಕಳೆ ಕಿತ್ತರು. ಊರೂರಿನ ಶಿಕ್ಷಣ ಮೇಳಗಳಲ್ಲಿ ಕಾಲೇಜಿನ ಪರವಾಗಿ ಮೇಜು ಹಾಕಿ ಕುಳಿತು ಪೋಷಕರೊಂದಿಗೆ ಮಾತಾಡಿದರು. ಅವರ ಹಣಕ್ಕಿಂತ ಈ ದುಡಿಮೆಗೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ. ಆಗಸ್ಟ್‌ನಲ್ಲಿ ತರಗತಿಗಳು ಶುರುವಾದಾಗ ಆವರಣದಲ್ಲಿದ್ದ ವಿದ್ಯಾರ್ಥಿನಿಯರು ಸುಮಾರು 240 ಮಂದಿ, ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ.

ಮುಂದಿನ ವರ್ಷಗಳೂ ಸುಲಭವಾಗಿರಲಿಲ್ಲ. 2017ರಲ್ಲಿ ಅಧ್ಯಕ್ಷೆಯಾದ ಮೆರೆಡಿತ್ ವೂ ದೊಡ್ಡ ಬದಲಾವಣೆಗೆ ಕೈ ಹಾಕಿದರು. ಬೋಧನಾ ಶುಲ್ಕವನ್ನು 21,000 ಡಾಲರಿಗೆ ಇಳಿಸಿ, ಹೇಳುವುದೊಂದು ಪಡೆಯುವುದೊಂದು ಎಂಬ ರಿಯಾಯಿತಿ ಪದ್ಧತಿಯನ್ನು ಬಹುಮಟ್ಟಿಗೆ ಕಳೆದರು. ಪಠ್ಯಕ್ರಮವನ್ನೂ ಅವಧಿಗಳನ್ನೂ ಹೊಸದಾಗಿ ಜೋಡಿಸಿದರು. ಸುಮ್ಮನೆ ಬಿದ್ದಿದ್ದ ಭೂಮಿಯಲ್ಲಿ ದ್ರಾಕ್ಷಿ ತೋಟ, ತರಕಾರಿ ಬೆಳೆಯುವ ಹಸಿರುಮನೆ, ಜೇನು ಸಾಕಣೆ ಬಂದವು. ಇದಿಷ್ಟೂ ಕಾಲ ಹಳೆಯ ವಿದ್ಯಾರ್ಥಿನಿಯರ ದಾನ ಪ್ರತಿ ವರ್ಷ ಬರುತ್ತಲೇ ಇತ್ತು. 2023ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬಂದ ಮೇರಿ ಪೋಪ್ ಹಟ್ಸನ್ ಇದೇ ಕಾಲೇಜಿನಲ್ಲಿ ಓದಿದವರು. ಕಾಲೇಜಿನ ಚರಿತ್ರೆಯಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಹಳೆಯ ವಿದ್ಯಾರ್ಥಿನಿ ಅವರು.

ಇಂಥ ಹೋರಾಟ ಇದೇ ಮೊದಲಲ್ಲ. 1979ರಲ್ಲಿ ಪೆನ್ಸಿಲ್ವೇನಿಯಾದ ವಿಲ್ಸನ್ ಕಾಲೇಜಿನ ಮಂಡಳಿ ಮುಚ್ಚುವ ನಿರ್ಧಾರ ಮಾಡಿದಾಗ ಅಲ್ಲಿನ ಹಳೆಯ ವಿದ್ಯಾರ್ಥಿನಿಯರೂ ಕೋರ್ಟಿಗೆ ಹೋಗಿ ಗೆದ್ದರು. ಆ ಕಾಲೇಜು ಈಗ ಗಂಡುಮಕ್ಕಳನ್ನೂ ಸೇರಿಸಿಕೊಂಡು ನಡೆಯುತ್ತಿದೆ. ಒಹಾಯೋದ ಆಂಟಿಯಾಕ್ ಕಾಲೇಜಿನದು ಇನ್ನೂ ಕಠಿಣ ದಾರಿ. 2008ರ ಜೂನ್‌ನಲ್ಲಿ ಅದು ನಿಜವಾಗಿಯೂ ಮುಚ್ಚಿತು. ಕೆಲವು ಅಧ್ಯಾಪಕರು ಊರಿನ ಚರ್ಚುಗಳಲ್ಲಿ, ಮನೆಗಳಲ್ಲಿ ಪಾಠ ಮುಂದುವರಿಸಿದರು. ಮರುವರ್ಷ ಹಳೆಯ ವಿದ್ಯಾರ್ಥಿಗಳು ಆವರಣವನ್ನೂ ಹೆಸರನ್ನೂ ಕೊಂಡುಕೊಂಡು 2011ರಲ್ಲಿ 35 ವಿದ್ಯಾರ್ಥಿಗಳೊಂದಿಗೆ ಮತ್ತೆ ತೆರೆದರು. ಎಲ್ಲ ಕಡೆಯೂ ಹೀಗಾಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು 1868ರಷ್ಟು ಹಳೆಯದು. 2024ರ ಏಪ್ರಿಲ್ ಕೊನೆಯಲ್ಲಿ ಮುಚ್ಚುವ ಸುದ್ದಿ ಬಂತು, ಆ ಅವಧಿ ಮುಗಿಯುತ್ತಿದ್ದಂತೆ ಮುಚ್ಚಿಯೇಹೋಯಿತು. ಅಲ್ಲಿನವರಿಗೆ ಸ್ವೀಟ್ ಬ್ರಯರಿನವರಿಗೆ ಸಿಕ್ಕಷ್ಟು ಕಾಲಾವಕಾಶವೂ ಸಿಗಲಿಲ್ಲ.

ಅಮೆರಿಕದ ಕಾನೂನು ಬೇರೆ, ಹಣದ ಪ್ರಮಾಣವೂ ಬೇರೆ. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಅದನ್ನು ಹಾಗೇ ಹೊಂದಿಸುವಂತಿಲ್ಲ. ಆದರೆ ಊರಿನ ದಾನಿಗಳು ಜಮೀನು ಕೊಟ್ಟು, ಮಠಗಳೂ ಶಿಕ್ಷಣ ಸಂಘಗಳೂ ಕಟ್ಟಿ ಬೆಳೆಸಿದ ಕಾಲೇಜುಗಳು ನಮ್ಮಲ್ಲಿಯೂ ಉಂಟು. ಅವುಗಳ ದಾನಪತ್ರಗಳಲ್ಲಿಯೂ ಒಂದು ಉದ್ದೇಶ ಬರೆದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ಗಣಿಸುತ್ತ ಬಂದಿರುವುದರಿಂದ ಬಹುತೇಕ ಕಾಲೇಜುಗಳಲ್ಲಿ ಸಂಘವೂ ನೋಂದಣಿಯಾಗಿರುತ್ತದೆ. ಅನೇಕ ಕಡೆ ಅದರ ಕೆಲಸ ಸುವರ್ಣ ಮಹೋತ್ಸವದ ಸನ್ಮಾನಕ್ಕೂ ಗುಂಪು ಫೋಟೋಕ್ಕೂ ಮುಗಿದುಹೋಗುತ್ತದೆ ಎಂಬುದು ನೋವಿನ ಸಂಗತಿ.

ನೀವು ಓದಿದ ಕಾಲೇಜಿಗೆ ಈ ವರ್ಷವೇ ಒಮ್ಮೆ ಹೋಗಿ. ಮೊದಲ ವರ್ಷಕ್ಕೆ ಎಷ್ಟು ಮಕ್ಕಳು ಸೇರಿದ್ದಾರೆ, ಯಾವ ವಿಭಾಗದಲ್ಲಿ ಅಧ್ಯಾಪಕರ ಹುದ್ದೆ ಖಾಲಿ ಇದೆ, ಶುಲ್ಕ ಕಟ್ಟಲಾಗದೆ ಬಿಟ್ಟುಹೋದವರು ಯಾರು ಎಂದು ಪ್ರಾಂಶುಪಾಲರನ್ನು ಕೇಳಿ. ಸಂಘದ ಸದಸ್ಯತ್ವ ಪಡೆಯಿರಿ, ಅದರ ವಾರ್ಷಿಕ ಲೆಕ್ಕಪತ್ರವನ್ನೂ ಕೇಳಿ ಪಡೆದು ಓದಿ.