ಎರಡು ಸೆಂಟಿನ ಸುಳ್ಳು

ಗೃಹಿಣಿಯೊಬ್ಬಳು ಸಮ್ಮೇಳನದ ಸ್ಮರಣ ಸಂಚಿಕೆಗೆ ಇಸ್ಪೀಟಾಟದ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸುವ ಹಿರಿಯರಲ್ಲಿ ಮೊದಲೇ ಕ್ಷಮೆ ಬೇಡುತ್ತೇನೆ. ಹಾಗೆ ಹುಬ್ಬೇರಿಸುವವರಲ್ಲಿ ನಾನೂ ಒಬ್ಬಳಾಗಿದ್ದೆ. ಮಲೆನಾಡಿನ ನಮ್ಮ ಮನೆತನದಲ್ಲಿ ದೊಡ್ಡಪ್ಪನವರ ಪಾಲಿನ ಅಡಿಕೆ ತೋಟದ ಅರ್ಧ ಭಾಗ ಇಸ್ಪೀಟಿನ ಎಲೆಗಳ ಮೇಲೆ ಹೋಯಿತು. ಅಂದಿನಿಂದ ಅಮ್ಮ ದೀಪಾವಳಿಯ ರಾತ್ರಿಯೂ ಒಂದು ಎಲೆಯನ್ನು ಹೊಸ್ತಿಲು ದಾಟಗೊಡಲಿಲ್ಲ. ಅಂಥವಳ ಮಗಳು ಡಬ್ಲಿನ್ನಿನಲ್ಲಿ ಕುಳಿತು ಪೋಕರ್ ಕಲಿತದ್ದು 2020ರಲ್ಲಿ, ಮನೆಯಿಂದ ಎರಡು ಕಿಲೋಮೀಟರಿನ ಆಚೆ ಸುತ್ತಾಡಬಾರದೆಂದು ಸರಕಾರ ಕಟ್ಟಾಜ್ಞೆ ಮಾಡಿದ್ದ ಆ ವಸಂತದಲ್ಲಿ. ಗುರುವಾದವನು, ಕಾಲೇಜು ಮುಚ್ಚಿದ್ದರಿಂದ ಮನೆಗೆ ಬಂದಿದ್ದ ಮಗ.

ಈ ದ್ವೀಪಕ್ಕೂ ಪೋಕರಿಗೂ ಹಳೆಯ ನಂಟು. ಡಬ್ಲಿನ್ನಿನ ಬುಕ್ಕಿ ಟೆರಿ ರಾಜರ್ಸ್ ಅವರು ಲಾಸ್ ವೇಗಸ್ಸಿನಲ್ಲಿ ಕಂಡ ಟೆಕ್ಸಾಸ್ ಹೋಲ್ಡೆಮ್ ಆಟವನ್ನು ಇಲ್ಲಿಗೆ ತಂದು, 1980ರಲ್ಲಿ ಐರಿಷ್ ಓಪನ್ ಪಂದ್ಯಾವಳಿಯನ್ನು ಆರಂಭಿಸಿದರು. ಆ ಮೊದಲ ವರ್ಷವೇ ಗೆದ್ದವರು ಒಬ್ಬ ಮಹಿಳೆ, ಕೊಲೆಟ್ ಡೊಹರ್ಟಿ. 1991ರಲ್ಲಿ ಅವರೇ ಮತ್ತೊಮ್ಮೆ ಗೆದ್ದರು. ಇದನ್ನು ಮಗ ಹೇಳಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತೆನ್ನಬೇಕು.

ಆಟದ ಸ್ವರೂಪ ಸರಳ. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದೊಂದು. ಪ್ರತಿ ಹಂತದಲ್ಲೂ ಪಣ. ಪಣಕ್ಕೆ ಸರಿಗಟ್ಟಲಾರದವನು ಎಲೆ ಕೆಳಗಿಡಬೇಕು. ಉಳಿದವರೆಲ್ಲ ಎಲೆ ಕೆಳಗಿಟ್ಟರೆ ಕೊನೆಗುಳಿದವನ ಕೈಯಲ್ಲಿ ಏನಿತ್ತೆಂದು ಯಾರೂ ಕೇಳುವಂತಿಲ್ಲ. ಬ್ಲಫ್ ಹುಟ್ಟುವುದು ಇಲ್ಲಿಯೇ. ಬರಿಗೈಯವನು ತುಂಬಿದ ಕೈಯವನಂತೆ ಸೋಗು ಹಾಕಿ ಎದುರಾಳಿಯನ್ನು ಓಡಿಸುತ್ತಾನೆ. ನಾನು ಆಡುವುದು ಒಂದು–ಎರಡು ಸೆಂಟಿನ ಮೇಜಿನಲ್ಲಿ. ಎರಡು ಯೂರೊ ಇಟ್ಟುಕೊಂಡು ಕುಳಿತರೆ ಅಲ್ಲಿ ಶ್ರೀಮಂತಳೇ.

ಸಿನಿಮಾಗಳಲ್ಲಿ ಎದುರಾಳಿಯ ಕಣ್ಣು, ಬೆರಳು ನೋಡಿ ಸುಳ್ಳು ಹಿಡಿಯುತ್ತಾರೆ. ಅಂತರ್ಜಾಲದ ಮೇಜಿನಲ್ಲಿ ಮುಖವೇ ಇಲ್ಲ. ಎಷ್ಟು ಪಣ ಕಟ್ಟಿದ, ಯಾವಾಗ ಕಟ್ಟಿದ, ಅದಕ್ಕೆ ಮೊದಲು ಏನು ಮಾಡಿದ್ದ, ಇಷ್ಟೇ ಸಾಕ್ಷ್ಯ. ಎಷ್ಟು ಹೊತ್ತು ಯೋಚಿಸಿದ ಎಂಬುದನ್ನೂ ಕೆಲವರು ಲೆಕ್ಕಕ್ಕೆ ಹಿಡಿಯುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಒಗ್ಗರಣೆ ಸೀಯುತ್ತದೆಂದು ಎದ್ದು ಹೋಗಿ ಎಷ್ಟೋ ಸಲ ನಾನೇ ತಡವಾಗಿ ಗುಂಡಿ ಒತ್ತಿದ್ದೇನೆ. ಎದುರಿನವನು ಅದಕ್ಕೆ ಏನೇನು ಅರ್ಥ ಕಟ್ಟಿದನೋ!

ಬಿ.ಎ.ಯಲ್ಲಿ ಸಾಹಿತ್ಯ ಓದಿದವಳು ನಾನು. ಎದುರಾಳಿಯ ಪಣಗಳನ್ನು ಒಂದು ಕಥೆಯಂತೆ ಓದತೊಡಗಿದ ಮೇಲೆ ಆಟ ಸ್ವಲ್ಪ ಕೈಹತ್ತಿತು. ಒಂದು ಸಂಜೆ ಮೊದಲ ಮೂರೆಲೆಯಲ್ಲಿ ಎರಡು ಆಟೀನು ಬಿದ್ದವು. ಒಬ್ಬ ಉತ್ಸಾಹದಿಂದ ಪಣ ಕಟ್ಟಿದ. ಮುಂದಿನ ಎಲೆಯೂ ಆಟೀನು, ಅವನು ತೆಪ್ಪಗಾದ. ಕೊನೆಗೆ ಯಾರಿಗೂ ಉಪಯೋಗವಿಲ್ಲದ ಕಳಾವರ ಎರಡು ಬಿದ್ದಾಗ ಇದ್ದಕ್ಕಿದ್ದಂತೆ ದೊಡ್ಡ ಪಣ. ಗಂಟಿನಲ್ಲಿ 80 ಸೆಂಟು ಇತ್ತು, ಅವನು ಕಟ್ಟಿದ್ದೂ 80. ನಾನೂ 80 ಹಾಕಿದರೆ ಗೆಲ್ಲಬಹುದಾದದ್ದು 160. ಅಂದರೆ ಮೂರರಲ್ಲಿ ಒಂದು ಸಲ ಅವನು ಸುಳ್ಳಾಡುತ್ತಿದ್ದರೂ ನನಗೆ ನಷ್ಟವಿಲ್ಲ. ನಿಜವಾಗಿ ಐದು ಆಟೀನು ಕೂಡಿದ್ದರೆ ನಡುವೆ ಏಕೆ ಮೌನವಾದ? ಕಥೆಯಲ್ಲೊಂದು ಅಧ್ಯಾಯವೇ ಕಾಣೆಯಾಗಿತ್ತು. ನನ್ನಲ್ಲಿದ್ದದ್ದು ಒಂದು ಜೊತೆ ರಾಣಿ ಮಾತ್ರ. ಸರಿಗಟ್ಟಿದೆ. ಅವನ ಕೈ ಬರಿದಾಗಿತ್ತು.

ಆದರೆ ಇಂಥ ಗೆಲುವನ್ನು ನೆನೆನೆನೆದು ಬೀಗಿದ್ದೇ ನನಗೆ ಮುಳುವಾಯಿತು. ಎಲ್ಲರಲ್ಲೂ ಸುಳ್ಳನ್ನೇ ಕಾಣತೊಡಗಿದೆ. ಸೆಂಟಿನ ಮೇಜಿನಲ್ಲಿ ಯಾರಿಗೂ ಹೆದರಿಕೆಯಿಲ್ಲ, ನೋಡಿಯೇ ಬಿಡೋಣವೆಂದು ಎಲ್ಲರೂ ಸರಿಗಟ್ಟುತ್ತಾರೆ. ಹೀಗಾಗಿ ಬುದ್ಧಿಯಿದ್ದವರು ಅಲ್ಲಿ ಬ್ಲಫ್ ಮಾಡುವುದೇ ಕಡಿಮೆ. ಅದರಲ್ಲೂ ಮೊದಲಿನಿಂದ ಮಾತಿಲ್ಲದೆ ಹಿಂಬಾಲಿಸಿ ಬಂದವನು ಕೊನೆಯ ಎಲೆಗೆ ಪಣವನ್ನು ಮೂರು ಪಾಲು ಏರಿಸಿದರೆ ನಂಬಿ ಎದ್ದುಬಿಡಬೇಕು. ನನಗೆ ನಂಬುವುದೇ ಕಷ್ಟವಾಗಿತ್ತು. ಸಾಲದ್ದಕ್ಕೆ ಪ್ರತಿ ಗಂಟಿನಿಂದಲೂ ಮೇಜಿನೊಡೆಯನ ಪಾಲು ಬೇರೆ, ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು.

ಒಂದು ರಾತ್ರಿ ಹೀಗೆ ಸುಳ್ಳು ಹಿಡಿಯಹೋಗಿ, ಎರಡೆರಡೇ ಯೂರೊ ಸೇರಿಸುತ್ತ, ಮೂವತ್ತನಾಲ್ಕು ಯೂರೊ ಕಳೆದೆ. ತೋಟವೇನೂ ಹೋಗಲಿಲ್ಲ, ನಿಜ. ಆದರೆ ದೊಡ್ಡಪ್ಪನವರೂ ಮೊದಲ ದಿನ ತೋಟ ಒತ್ತೆಯಿಟ್ಟಿರಲಾರರು. ಬೆಳಿಗ್ಗೆ ಮನೆಯ ಲೆಕ್ಕದ ಪುಸ್ತಕದಲ್ಲಿ ‘ತರಕಾರಿ, 34’ ಎಂದು ಬರೆದೆ. ನಮ್ಮ ಯಜಮಾನರು ಪೋಕರ್ ಬಲ್ಲವರಲ್ಲ. ಶನಿವಾರ ಪುಸ್ತಕ ತಿರುವುತ್ತ, “ಇಷ್ಟು ತರಕಾರಿ ತಂದವಳು ಮೂರು ದಿನದಿಂದ ಬರೀ ಬೇಳೆಸಾರು ಮಾಡ್ತಿದ್ದೀಯಲ್ಲ?” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರೆದುರು ನಾನು ಅಷ್ಟು ಕುಗ್ಗಿದ್ದು ಅದೇ ಮೊದಲು. ‘ತರಕಾರಿ’ಯನ್ನು ಹೊಡೆದುಹಾಕಿ ‘ಇಸ್ಪೀಟು’ ಎಂದು ಬರೆದೆ.

ಈಗ ತಿಂಗಳಿಗೆ ಹತ್ತು ಯೂರೊ, ಅದಕ್ಕೆ ಮೇಲಿಲ್ಲ. ಮಿತಿಯನ್ನು ಆಟದ ಖಾತೆಯಲ್ಲೇ ಹಾಕಿಸಿಕೊಂಡಿದ್ದೇನೆ. ಭಾರತದಲ್ಲಿ 2025ರ ಕಾಯಿದೆ ಹಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನೇ ನಿಷೇಧಿಸಿದೆ. ಐರ್ಲೆಂಡಿನಲ್ಲಿ ನಿಷೇಧವಿಲ್ಲ, 2024ರ ಕಾಯಿದೆಯಂತೆ ನಿಯಂತ್ರಣ ಪ್ರಾಧಿಕಾರವೊಂದು ಬಂದಿದೆ. ನನ್ನ ಮಟ್ಟಿಗೆ ಪ್ರಾಧಿಕಾರ ಆ ಲೆಕ್ಕದ ಪುಸ್ತಕವೇ.

ಊರಿನಲ್ಲಿರುವ ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಆಕೆಗೀಗ ಎಂಬತ್ತೆರಡು. ಪ್ರತಿ ಭಾನುವಾರ ಫೋನಿನಲ್ಲಿ, “ಅಲ್ಲಿ ಸಂಜೆ ಹೊತ್ತು ಹೇಗೆ ಕಳೀತೀಯೇ?” ಎಂದು ಕೇಳುತ್ತಾಳೆ. “ಓದ್ತೀನಮ್ಮ” ಎನ್ನುತ್ತೇನೆ. ಆಕೆ ಕೊಂಚ ಹೊತ್ತು ಸುಮ್ಮನಿದ್ದು, ಆಮೇಲೆ ಮಳೆಯ ಮಾತು ತೆಗೆಯುತ್ತಾಳೆ.