ಕೋವಿಗೆ ಮದ್ದು: ಪಕ್ಕದ ಮನೆಯ ಅಳತೆ ಬೇಡ

ಹಂದಿ, ಮಂಗಗಳ ಕಾಟದಿಂದಾಗಿ ನಮ್ಮ ಕಡೆಯ ಹಲವು ತೋಟದ ಮನೆಗಳಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದೆ. ನಮ್ಮಲ್ಲಿರುವುದು ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವಂಥದ್ದು. ತೋಟೆ ಕೋವಿಗಾದರೆ ಕಾರ್ಖಾನೆಯವರೇ ಅಳೆದು ತುಂಬಿರುತ್ತಾರೆ. ಕೇಪಿನ ಕೋವಿಗೆ ಪ್ರತಿ ಈಡಿಗೂ ಅಳೆಯುವವರು ನಾವೇ. ಅಳತೆ ತಪ್ಪಿ ನಳಿಗೆ ಒಡೆದರೆ ಹೋಗುವುದು ನಮ್ಮದೇ ಕಣ್ಣು, ಬೆರಳು.

“ನೀವು ಎಷ್ಟು ಮದ್ದು ಹಾಕ್ತೀರಿ?” ಅಂತ ಕೆಲವರು ಕೇಳುವುದುಂಟು. ನಾನು ಹೇಳುವುದಿಲ್ಲ. ನಳಿಗೆಯ ಅಗಲ, ದಪ್ಪ, ಚರೆಯ ತೂಕ, ಮದ್ದಿನ ಕಾಳಿನ ಗಾತ್ರ ಇವೆಲ್ಲ ಸೇರಿ ಅಳತೆ ಆಗುವುದು. ಕಾಳು ಸಣ್ಣದಾದಷ್ಟೂ ಮದ್ದು ಬೇಗ ಉರಿಯುತ್ತದೆ, ಒತ್ತಡ ಹೆಚ್ಚುತ್ತದೆ. ಒಂದು ಕೋವಿಗೆ ಹಿತವಾದದ್ದು ಇನ್ನೊಂದಕ್ಕೆ ಅತಿಯಾದೀತು. ಕೋವಿ, ಮದ್ದು ತಯಾರಿಸಿದವರು ಕೊಟ್ಟ ಪಟ್ಟಿಯನ್ನೇ ನಂಬಿ. ಅದರ ಕನಿಷ್ಠ ಅಳತೆಯಿಂದ ಶುರುಮಾಡಿ, ಗರಿಷ್ಠವನ್ನು ಎಂದೂ ದಾಟಬೇಡಿ. ಹಳೆ ಕೋವಿಗೆ ಕಾಗದಪತ್ರ ಇಲ್ಲವೇ? ಪರವಾನಗಿ ಇರುವ ರಿಪೇರಿಯವರಿಗೆ ನಳಿಗೆ ತೋರಿಸದೆ ತುಂಬಲೇಬೇಡಿ.

ಗ್ರೇನೋ, ಗ್ರಾಮೋ?

ಪಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ‘ಗ್ರೇನ್’. 1 ಗ್ರಾಮ್ ಅಂದರೆ ಸುಮಾರು 15.4 ಗ್ರೇನ್. ಗ್ರೇನ್ ಇದ್ದಲ್ಲಿ ಗ್ರಾಮ್ ಅಂತ ಓದಿದರೆ ಮದ್ದು 15 ಪಟ್ಟಾಯಿತು! ಮೊಬೈಲಿನಲ್ಲಿ ಯಾರೋ ಕಳಿಸಿದ ಪಟ್ಟಿಯನ್ನು ನಂಬಬಾರದು ಅನ್ನೋದು ಇದಕ್ಕೇ.

ತೋಟೆಯ ಮದ್ದು ಬೇಡ

ಕೇಪಿನ ಕೋವಿಗೆ ಕರಿಮದ್ದು ಮಾತ್ರ. ಈಗಿನ ತೋಟೆಯೊಳಗೆ ಇರುವುದು ಹೊಗೆರಹಿತ ಮದ್ದು. ಅಷ್ಟೇ ಅಳತೆಯಲ್ಲಿ ಅದರ ಶಕ್ತಿ ಬಹಳ ಜಾಸ್ತಿ. ತೋಟೆ ಬಿಚ್ಚಿ ಆ ಮದ್ದನ್ನು ಇದಕ್ಕೆ ಸುರಿದರೆ ನಳಿಗೆ ಸಿಡಿಯುತ್ತದೆ. ಕರಿಮದ್ದಿಗೆ ಚೂರು ಬೆರೆಸುವುದೂ ಬೇಡ. ಮನೆಯಲ್ಲೇ ಮದ್ದು ಅರೆಯುವುದಂತೂ ಅಪಾಯ. ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ ಕೂಡ.

ಗಜಕ್ಕೆ ಎರಡು ಗೆರೆ

ಇದಕ್ಕೆ ಖರ್ಚೇ ಇಲ್ಲ. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೆರೆ ಹಾಕಿ. ಸರಿಯಾದ ಒಂದು ಈಡು ತುಂಬಿ ಜಡಿದ ಮೇಲೆ ಇನ್ನೊಂದು ಗೆರೆ. ಮುಂದೆ ತುಂಬುವಾಗ ಎರಡನೆಯ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಂದೋ ಮದ್ದು ಎರಡು ಸಲ ಬಿದ್ದಿದೆ, ಇಲ್ಲವೇ ಚರೆ ಕೆಳಗೆ ಕೂತಿಲ್ಲ. ಮದ್ದಿಗೂ ಚರೆಗೂ ನಡುವೆ ಖಾಲಿ ಜಾಗ ಉಳಿದರೂ ನಳಿಗೆ ಉಬ್ಬೀತು, ಒಡೆದೀತು.

ಇನ್ನು ಕೆಲವು ಮಾತು:

* ಡಬ್ಬಿಯಿಂದ ನೇರ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಡಬ್ಬಿಯೇ ಹೊತ್ತೀತು. ಅಳತೆ ಕುಡಿಕೆಯಿಂದಲೇ ಹಾಕಿ.
* ಕೇಪು ಇಡುವುದು ಕಟ್ಟಕಡೆಗೆ. ತುಂಬುವಾಗ ಮುಖ ನಳಿಗೆಯ ಬಾಯಿಯ ಎದುರು ಇರಕೂಡದು.
* ಕೇಪು ಸಿಡಿದೂ ಈಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷ ಕೋವಿಯನ್ನು ಜನರಿಲ್ಲದ ಕಡೆಗೇ ಹಿಡಿದಿರಿ.
* ಕರಿಮದ್ದಿನ ಮಸಿ ತೇವ ಎಳೆದು ನಳಿಗೆ ತಿನ್ನುತ್ತದೆ. ಅದೇ ದಿನ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಮಳೆಗಾಲದಲ್ಲಿ ಮರೆಯಲೇಬೇಡಿ.
* ಕೋವಿಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯಿದೆ ನಮ್ಮ ತೋಟದೊಳಗೂ ಅನ್ವಯಿಸುತ್ತದೆ.

ಅಳತೆಯಲ್ಲಿ ಸ್ವಲ್ಪ ಅನುಮಾನ ಬಂದರೂ ಆ ದಿನ ಕೋವಿ ಬೀಗದೊಳಗೇ ಇರಲಿ. ಮಂಗ ಓಡಿಸಲಿಕ್ಕೆ ತಗಡಿನ ಡಬ್ಬ ಬಡಿದರೂ ಆದೀತು.