ನಿಮಗಿದು ಗೊತ್ತೇ? ಎಣ್ಣೆಯಲ್ಲಿ ಉಳಿದ ಮರದ ಗುರುತು

ಮೈಸೂರು ಮಲ್ಲಿಗೆಗೂ ಆಲಿವ್ ಎಣ್ಣೆಗೂ ನಂಟಿದೆ! ಮಲ್ಲಿಗೆ, ಪಾರಿಜಾತ, ಆಲಿವ್ ಮೂರೂ ಓಲಿಯೇಸೀ ಎಂಬ ಒಂದೇ ಸಸ್ಯಕುಟುಂಬದವು.

ಆಲಿವ್ ಮರದ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳು. ನಮ್ಮಲ್ಲೂ ಅಷ್ಟೇ. 2016ರಲ್ಲಿ ಸ್ಪೇನಿನ ವಿಜ್ಞಾನಿಗಳು ಸಾವಿರ ವರ್ಷ ದಾಟಿದ ‘ಫಾರ್ಗಾ’ ತಳಿಯ ಮರವೊಂದರ ಇಡೀ ಜೀನೋಮನ್ನು ಓದಿದಾಗ ಸಿಕ್ಕಿದ್ದು 56,000ಕ್ಕೂ ಹೆಚ್ಚು ಜೀನ್‌ಗಳು. ಮನುಷ್ಯನಲ್ಲಿರುವುದು ಸುಮಾರು 20,000. ಈ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಣ್ಣೆಯಲ್ಲೂ ಚೂರುಪಾರು ಉಳಿಯುತ್ತದೆ; ಅದನ್ನು ಹುಡುಕಿ ಎಣ್ಣೆ ಅಸಲಿಯೇ ಎಂದು ಪರೀಕ್ಷಿಸುತ್ತಾರೆ.

ಎಣ್ಣೆಗೆ ಡಿಎನ್‌ಎ ಪರೀಕ್ಷೆ ಯಾಕೆ ಬೇಕಾಯಿತು? ಹೇಜಲ್‌ನಟ್ ಎಣ್ಣೆಯಿಂದಾಗಿ. ಅದರ ಕೊಬ್ಬಿನಾಮ್ಲಗಳ ಪ್ರಮಾಣ ಆಲಿವ್ ಎಣ್ಣೆಯದನ್ನು ಎಷ್ಟು ಹೋಲುತ್ತದೆಂದರೆ, ಸ್ವಲ್ಪ ಬೆರೆಸಿದರೆ ರಸಾಯನಶಾಸ್ತ್ರವೂ ತಡವರಿಸುತ್ತದೆ. ಆದರೆ ಎರಡು ಗಿಡಗಳ ಡಿಎನ್‌ಎ ಬೇರೆ ಬೇರೆಯೇ.

ಡಿಎನ್‌ಎ ಎಣ್ಣೆಯಲ್ಲಿ ಕರಗುವುದೇ ಇಲ್ಲ. ಅದು ನೀರಿನ ಸಂಗಾತಿ. ಹಾಗಾದರೆ ಎಣ್ಣೆಯಲ್ಲಿ ಹೇಗೆ ಬಂತು? ಗಾಣದಿಂದ ಆಗಷ್ಟೇ ಇಳಿದ ಎಣ್ಣೆ ಮಬ್ಬಾಗಿರುತ್ತದಲ್ಲ, ಆ ಮಬ್ಬಿನಲ್ಲಿ. ಕಣ್ಣಿಗೆ ಕಾಣದ ನೀರಹನಿಗಳು, ಹಣ್ಣಿನ ತಿರುಳಿನ ಚೂರುಗಳು ಅದರಲ್ಲಿ ತೇಲುತ್ತಿರುತ್ತವೆ. ಸೋಸಿದಷ್ಟೂ ಡಿಎನ್‌ಎ ಕಡಿಮೆ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೂತರೆ ಉಳಿದದ್ದೂ ತುಂಡುತುಂಡಾಗುತ್ತದೆ.

ಪ್ರಯೋಗಾಲಯದಲ್ಲಿ ಎಣ್ಣೆಗೆ ಹೆಕ್ಸೇನ್ ದ್ರಾವಕವನ್ನೂ ಮಾರ್ಜಕ ಬೆರೆಸಿದ ನೀರನ್ನೂ ಸೇರಿಸಿ ಕುಲುಕಿ, ಗಿರ್ರನೆ ತಿರುಗಿಸುತ್ತಾರೆ. ಕೊನೆಗೆ ಕೊಳವೆಯ ತಳದಲ್ಲಿ ಉಳಿಯುವುದು ಇದೆಯೋ ಇಲ್ಲವೋ ಎನ್ನುವಷ್ಟು ಮಸುಕಾದ ಒಂದು ಕಲೆ. ಅದನ್ನು ಪಿಸಿಆರ್ ಯಂತ್ರ ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಡಿಎನ್‌ಎಯಲ್ಲಿ ತೊದಲುಮಾತಿನಂತೆ ಒಂದೇ ಅಕ್ಷರಜೋಡಿ ಮರುಕಳಿಸುವ ಜಾಗಗಳಿವೆ. ಎಷ್ಟು ಬಾರಿ ತೊದಲಿತು ಎನ್ನುವುದು ತಳಿಯಿಂದ ತಳಿಗೆ ಬೇರೆ. ‘ಒಂದೇ ತಳಿಯ ಎಣ್ಣೆ’ ಎಂದು ದುಬಾರಿ ಬೆಲೆಗೆ ಮಾರುವವರ ಮಾತು ಪರೀಕ್ಷೆಗೆ ಬೀಳುವುದು ಇಲ್ಲಿ.

ನಮ್ಮ ಬಾಸ್ಮತಿ ಅಕ್ಕಿಗೂ ಇಂಥದ್ದೇ ಪರೀಕ್ಷೆ ಇದೆ, ಹೈದರಾಬಾದಿನಲ್ಲಿ. ಅಕ್ಕಿಕಾಳಿನಲ್ಲಿ ಡಿಎನ್‌ಎ ಧಾರಾಳ. ಅಲ್ಲಿ ಕೆಲಸ ಸಲೀಸು.

ನನಗೆ ಅತಿ ಸೋಜಿಗವೆನಿಸಿದ್ದು ಇದು: ಎಣ್ಣೆಯಲ್ಲಿ ಪಕ್ಕದ ತೋಟದ ಮರದ ಗುರುತೂ ಸಿಗಬಹುದು! ಗಾಣಕ್ಕೆ ಹಣ್ಣು ಬೀಜಸಮೇತ ಹೋಗುತ್ತದೆ. ತಿರುಳು ಪೂರ್ತಿ ತಾಯಿಮರದ್ದು. ಬೀಜದೊಳಗಿನ ಭ್ರೂಣಕ್ಕೆ ಮಾತ್ರ ಗಾಳಿಯಲ್ಲಿ ಬಂದ ಪರಾಗದ ಪಾಲೂ ಇರುತ್ತದೆ. ಇದನ್ನು ಮರೆತವರು ಪ್ರಾಮಾಣಿಕ ರೈತನನ್ನೇ ಕಲಬೆರಕೆದಾರ ಎಂದುಬಿಟ್ಟಾರು. ಅದಕ್ಕೇ ಕೆಲವರು ಹರಿತ್ತುಕಣಗಳ ಡಿಎನ್‌ಎ ನೋಡುತ್ತಾರೆ. ಆಲಿವ್‌ನಲ್ಲಿ ಅದು ಬರುವುದು ತಾಯಿಯಿಂದ ಮಾತ್ರ, ಜೊತೆಗೆ ಒಂದು ಜೀವಕೋಶದಲ್ಲಿ ಅದರ ಪ್ರತಿಗಳೂ ಹೇರಳ.

ಡಿಎನ್‌ಎಗೆ ಸಿಗದ ಮೋಸವೂ ಇದೆ, ಮತ್ತು ಅದೇನು ಸಣ್ಣದಲ್ಲ. ಆಲಿವ್ ಹಿಂಡಿಗೆ ದ್ರಾವಕ ಹಾಕಿ ತೆಗೆದು ಸಂಸ್ಕರಿಸಿದ್ದು ಪೊಮೇಸ್ ಎಣ್ಣೆ. ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಅದನ್ನು ಅತ್ಯುತ್ತಮ ದರ್ಜೆಯ ‘ಎಕ್ಸ್‌ಟ್ರಾ ವರ್ಜಿನ್’ಗೆ ಬೆರೆಸಿದರೆ? ಎರಡೂ ಆಲಿವ್‌ನದೇ, ಗುರುತು ಒಂದೇ. ಆಗ ರಸಾಯನಶಾಸ್ತ್ರಕ್ಕೇ ಮೊರೆ ಹೋಗಬೇಕು: ಸಂಸ್ಕರಿಸಿದಾಗ ಮಾತ್ರ ಹುಟ್ಟುವ ಸ್ಟಿಗ್ಮಾಸ್ಟಡೈಯೀನ್‌ಗಳನ್ನು ಹುಡುಕಬೇಕು. ‘ಎಕ್ಸ್‌ಟ್ರಾ ವರ್ಜಿನ್’ ಎನಿಸಿಕೊಳ್ಳಲು ಆಮ್ಲೀಯತೆ ಶೇ. 0.8 ದಾಟಬಾರದು ಎಂಬ ಮಿತಿ ಬೇರೆ ಇದೆ.

1981, ಸ್ಪೇನ್. ಕಾರ್ಖಾನೆ ಬಳಕೆಗೆಂದು ಅನಿಲೀನ್ ಬೆರೆಸಿದ್ದ ರೇಪ್‌ಸೀಡ್ ಎಣ್ಣೆಯನ್ನು ಸಂಸ್ಕರಿಸಿ, ಆಲಿವ್ ಎಣ್ಣೆಯೆಂದು ಹೆಸರುಚೀಟಿಯಿಲ್ಲದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಮಾರಿದರು. ಅಗ್ಗವೆಂದು ಕೊಂಡವರು ಬಡವರು. ಸುಮಾರು 20,000 ಜನ ಕಾಯಿಲೆ ಬಿದ್ದರು; 300ಕ್ಕೂ ಹೆಚ್ಚು ಮಂದಿ ಸತ್ತರು. ಎಣ್ಣೆಯ ಪರೀಕ್ಷೆ ಬರೀ ಬೆಲೆಯ, ರುಚಿಯ ಜಗಳವಲ್ಲ ಎನ್ನಲು ಇನ್ನೊಂದು ಸಾಕ್ಷಿ ಬೇಡ. ಆಗಿನ್ನೂ ಇಂಥ ಡಿಎನ್‌ಎ ಪರೀಕ್ಷೆ ಇರಲಿಲ್ಲ; ಪಿಸಿಆರ್ ತಂತ್ರ ಹೊಳೆದದ್ದು ಅದಾದ ಎರಡು ವರ್ಷಕ್ಕೆ, 1983ರಲ್ಲಿ.

ಗುರುತಿಗೆಂದು ಎಣ್ಣೆಗೆ ನಾವೇ ಡಿಎನ್‌ಎ ಹಾಕಿದರೆ? 2014ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯವರು ಕೃತಕ ಡಿಎನ್‌ಎಯನ್ನು ಕಣ್ಣಿಗೆ ಕಾಣದ ಸಿಲಿಕಾ ಕವಚದಲ್ಲಿಟ್ಟು, ಅಯಸ್ಕಾಂತಕ್ಕೆ ಅಂಟುವಂತೆ ಮಾಡಿ ಎಣ್ಣೆಗೆ ಬೆರೆಸಿ ತೋರಿಸಿದರು. ಇಟಲಿಯ ಇಡೀ ವರ್ಷದ ಎಣ್ಣೆಗೆ ಕೆಲವೇ ಗ್ರಾಂ ಸಾಕೆಂದು ಅವರ ಲೆಕ್ಕ. ತಿನ್ನುವ ವಸ್ತುವಿಗೆ ಗುರುತಿನ ಪುಡಿ ಬೆರೆಸಲು ಜನ ಒಪ್ಪುವುದು ಕಷ್ಟ ಎಂದೇ ನನಗನಿಸುತ್ತದೆ.

ಎಣ್ಣೆಗೆ ಗುರುತು ಹಚ್ಚುವ ರೂಢಿಯೇನೋ ಹಳೆಯದು. ರೋಮಿನಲ್ಲಿ ಮಡಕೆ ಚೂರುಗಳದೇ ಒಂದು ಗುಡ್ಡವಿದೆ: ಮೊಂಟೆ ಟೆಸ್ಟಾಚೊ, ಎತ್ತರ ಸುಮಾರು 35 ಮೀಟರ್. ಬಹುತೇಕ ಎಲ್ಲವೂ ಆಲಿವ್ ಎಣ್ಣೆ ತುಂಬಿ ಬಂದಿದ್ದ ಜಾಡಿಗಳು. ಅವುಗಳಲ್ಲಿ ಹಲವುಗಳ ಮೈಮೇಲೆ ತೂಕ, ವರ್ತಕನ ಹೆಸರು, ಎಲ್ಲಿಂದ ಬಂತೆಂಬ ವಿವರ ಇನ್ನೂ ಓದುವಂತಿದೆ.

ಮನೆಯಲ್ಲೇ ಪರೀಕ್ಷಿಸಬಹುದೇ? ಫ್ರಿಜ್ಜಿನಲ್ಲಿಟ್ಟ ಎಣ್ಣೆ ಗಟ್ಟಿಯಾದರೆ ಅಸಲಿ ಎನ್ನುವುದನ್ನು ನಂಬಬೇಡಿ; ಅದು ಪರೀಕ್ಷೆಯೇ ಅಲ್ಲ.

ಇಷ್ಟೆಲ್ಲ ಯಂತ್ರಗಳ ನಡುವೆ ನಾಲಿಗೆಗೂ ಅಧಿಕೃತ ಸ್ಥಾನವಿದೆ. 8ರಿಂದ 12 ಮಂದಿ ತರಬೇತಾದ ರುಚಿಗಾರರು ಎಣ್ಣೆಯನ್ನು 28 ಡಿಗ್ರಿಗೆ ಬೆಚ್ಚಗೆ ಮಾಡಿ, ಬಣ್ಣ ನೋಡಿ ಮರುಳಾಗದಂತೆ ಕಡುನೀಲಿ ಗಾಜಿನ ಬಟ್ಟಲಲ್ಲಿ ಹಿಡಿದು, ಮೂಸಿ, ಸೊರ್ರೆಂದು ಹೀರುತ್ತಾರೆ. ಒಳ್ಳೆಯ ಹೊಸ ಎಣ್ಣೆಯಾದರೆ ಗಂಟಲಲ್ಲಿ ಒಣಮೆಣಸಿನ ಘಾಟು ಹತ್ತಿದಂತೆ ಕೆಮ್ಮು ಬರುತ್ತದೆ. ಕಾರಣ ಓಲಿಯೊಕ್ಯಾಂಥಾಲ್. ನೋವಿನ ಮಾತ್ರೆ ಐಬುಪ್ರೊಫೆನ್ ಕರಗಿಸಿ ನುಂಗಿದರೂ ಗಂಟಲು ಹೀಗೇ ಉರಿಯುತ್ತದೆ. ಅದನ್ನು ಮೊದಲೇ ಬಲ್ಲ ವಿಜ್ಞಾನಿಯೊಬ್ಬರಿಗೆ ಸಿಸಿಲಿಯಲ್ಲಿ ಎಣ್ಣೆ ಸವಿದಾಗ ಎರಡೂ ಒಂದೇ ಉರಿ ಎನಿಸಿದ್ದರಿಂದಲೇ ಈ ವಸ್ತುವಿನ ಐಬುಪ್ರೊಫೆನ್‌ನಂಥ ಗುಣ 2005ರಲ್ಲಿ ಜಗತ್ತಿಗೆ ತಿಳಿಯಿತು.